ಯಾವ ಇಸವಿಯ ಅಲಿ, ಎಷ್ಟು ಸುತ್ತಿನ ಪಂದ್ಯ?

ಕಾಲದ ಅಂತರದಿಂದಾಗಿ ರಿಂಗಿನಲ್ಲಿ ಎಂದೂ ಮುಖಾಮುಖಿಯಾಗದ ಹೆವಿವೇಟ್ ಬಾಕ್ಸರ್‌ಗಳು ಎದುರಾಗಿದ್ದರೆ ಗೆಲುವು ಯಾರದಾಗುತ್ತಿತ್ತು ಎಂದು ಕೇಳಿ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೆ, ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ತಮ್ಮ ತಮ್ಮ ಉತ್ತುಂಗದಲ್ಲಿದ್ದಾಗ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು? ನಮ್ಮ ಮನೆಯಲ್ಲಿ ತಂದೆಯವರು ಅಲಿಯ ಪಕ್ಷ, ನಾನು ಟೈಸನ್ ಪಕ್ಷ. ಈ ವಾದ ಎಂದೂ ಮುಗಿಯುವುದಿಲ್ಲ.
(ಓದುಗರು, ದಾವಣಗೆರೆ)

ಉತ್ತರ: ಮೊದಲು ಎರಡು ವಿಷಯಗಳು ಇತ್ಯರ್ಥವಾಗಬೇಕು. ಯಾವ ಇಸವಿಯ ಅಲಿ, ಯಾವ ಇಸವಿಯ ಟೈಸನ್ ಎಂಬುದು ಒಂದು. ಪಂದ್ಯ ಎಷ್ಟು ಸುತ್ತಿನದು ಎಂಬುದು ಇನ್ನೊಂದು. ದಸರಾ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರು ಪೈಲ್ವಾನರ ಹೆಸರು ಕೇಳಿ ಜೋಡಿ ಕಟ್ಟುವುದಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಮೈಕಟ್ಟು, ವಯಸ್ಸು, ತಯಾರಿ ನೋಡಿ ಕಟ್ಟುತ್ತಾರೆ. ಕಲ್ಪನೆಯ ಪಂದ್ಯಕ್ಕೂ ಅಷ್ಟೇ ಎಚ್ಚರ ಬೇಕು.

ಅಲಿಯವರ ವೃತ್ತಿಜೀವನ ನಡುವೆ ಕಡಿದುಹೋಗಿ ಎರಡು ಭಾಗವಾಗಿದೆ. ವಿಯೆಟ್ನಾಂ ಯುದ್ಧದ ಸಮಯದಲ್ಲಿ ಸೇನೆಗೆ ಸೇರಲು ನಿರಾಕರಿಸಿದ್ದಕ್ಕೆ 1967ರಲ್ಲಿ ಅವರ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಳ್ಳಲಾಯಿತು. ಅವರು ಮತ್ತೆ ರಿಂಗಿಗೆ ಇಳಿದದ್ದು 1970ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲಿನ ಅಲಿ ಕಾಲುಗಳನ್ನು ನಂಬಿದವರು, ಅನಂತರದ ಅಲಿ ಹೊಡೆತ ತಿಂದು ತಾಳಿಕೊಳ್ಳುವ ಗಟ್ಟಿತನವನ್ನೂ ತಂತ್ರವನ್ನೂ ನಂಬಿದವರು. 1966ರ ನವೆಂಬರ್ 14ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನು ಮೂರನೆಯ ಸುತ್ತಿನಲ್ಲಿ ಮುಗಿಸಿದ 24 ವರ್ಷದ ಅಲಿಯೇ ಅವರ ಶ್ರೇಷ್ಠ ರೂಪ ಎಂದು ನಾನು ಭಾವಿಸುತ್ತೇನೆ. ಟೈಸನ್ ಅವರ ಶ್ರೇಷ್ಠ ರಾತ್ರಿ ಯಾವುದೆಂಬ ಬಗ್ಗೆ ಹೆಚ್ಚು ಚರ್ಚೆಯೇ ಬೇಡ: 1988ರ ಜೂನ್ 27ರಂದು ಅಟ್ಲಾಂಟಿಕ್ ಸಿಟಿಯಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಮೈಕೆಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡುಗಳಲ್ಲಿ ಕೆಡವಿದ ರಾತ್ರಿ. ಆಗ ಕೆವಿನ್ ರೂನಿ ಅವರ ತರಬೇತುದಾರರಾಗಿದ್ದರು, ಕಸ್ ಡಿ’ಅಮಾಟೊ ಕಲಿಸಿದ ಶಿಸ್ತು ಮೈಯಲ್ಲಿ ಇನ್ನೂ ಉಳಿದಿತ್ತು.

ಈಗ ಇವರಿಬ್ಬರನ್ನು ಎದುರುಬದುರು ನಿಲ್ಲಿಸೋಣ. ಅಲಿಯ ಎತ್ತರ 191 ಸೆಂ.ಮೀ., ಎರಡೂ ತೋಳು ಚಾಚಿದರೆ 198 ಸೆಂ.ಮೀ.; ಟೈಸನ್ನರದು 178 ಮತ್ತು 180. ಹೀಗಾಗಿ ಟೈಸನ್ ಪ್ರತಿ ಹೊಡೆತಕ್ಕೂ ಅಲಿಯ ಎಡಗೈ ಜಾಬ್ ಅನ್ನು (ತೋಳು ಚಾಚಿ ನೇರವಾಗಿ ಹಾಕುವ ಚುರುಕು ಹೊಡೆತ) ದಾಟಿಕೊಂಡೇ ಒಳಗೆ ಬರಬೇಕು. ಎರಡೂ ಗ್ಲೌಸುಗಳನ್ನು ಕೆನ್ನೆಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ಎಡಬಲಕ್ಕೆ ತೂಗುತ್ತ, ಜಾಬ್ ತಲೆಯ ಪಕ್ಕದಿಂದ ಹಾದುಹೋಗುತ್ತಿದ್ದಂತೆ ಒಂದು ಹೆಜ್ಜೆ ಒಳನುಗ್ಗಿ, ಬಲಗೈಯಿಂದ ಪಕ್ಕೆಗೆ ಹೊಡೆದು, ಅದೇ ಬಲಗೈಯನ್ನು ಗದ್ದಕ್ಕೆ ಅಪ್ಪರ್‌ಕಟ್ ಆಗಿ ಎತ್ತುವುದು ಅವರ ಪ್ರಸಿದ್ಧ ವರಸೆ. ಅಷ್ಟು ಭಾರದ ಮನುಷ್ಯರಲ್ಲಿ ಆ ವೇಗವನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಅಲಿಯವರಲ್ಲಿ ಒಂದು ದೋಷವೂ ಇತ್ತು. ಹೊಡೆತ ತಪ್ಪಿಸಿಕೊಳ್ಳಲು ಅವರು ತಲೆಯನ್ನು ನೇರವಾಗಿ ಹಿಂದಕ್ಕೆ ಎಳೆಯುತ್ತಿದ್ದರು, ಬಲಗೈಯನ್ನು ಕೆಳಗೆ ಬಿಡುತ್ತಿದ್ದರು. ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ, ಅವರಿಗೆ ತಗಲುತ್ತಿದ್ದುದು ಆಗಲೇ. 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಅಲಿಯನ್ನು ನೆಲಕ್ಕೆ ಕೆಡವಿದ್ದು ಎಡಗೈ ಹುಕ್ಕಿನಿಂದ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ 15ನೆಯ ಸುತ್ತಿನಲ್ಲಿ ಜೋ ಫ್ರೇಜಿಯರ್ ಕೆಡವಿದ್ದೂ ಎಡಗೈ ಹುಕ್ಕಿನಿಂದ. ಟೈಸನ್ನರ ಎಡಗೈ ಹುಕ್ ಇವರಿಬ್ಬರದಕ್ಕಿಂತ ವೇಗವಾದದ್ದು. ಆದ್ದರಿಂದ ಮೊದಲ ನಾಲ್ಕು ಸುತ್ತುಗಳಲ್ಲಿ ಅಲಿ ಒಮ್ಮೆಯಾದರೂ ನೆಲ ಕಾಣುತ್ತಾರೆ ಎಂದು ನೀವು ವಾದಿಸಿದರೆ ನಾನು ತಲೆದೂಗುತ್ತೇನೆ.

ಆದರೆ ಅಲಿ ಬಿದ್ದಲ್ಲೇ ಉಳಿಯುವವರಾಗಿರಲಿಲ್ಲ. ಕೂಪರ್ ಕೆಡವಿದಾಗಲೂ ಫ್ರೇಜಿಯರ್ ಕೆಡವಿದಾಗಲೂ ಅವರು ಎದ್ದು ನಿಂತರು. ಟೈಸನ್ ಅವರ ಸಮಸ್ಯೆ ಇರುವುದು ಅಲ್ಲಿಂದ ಮುಂದಕ್ಕೆ. 1987ರಲ್ಲಿ ಜೇಮ್ಸ್ ಸ್ಮಿತ್ 12 ಸುತ್ತುಗಳ ಉದ್ದಕ್ಕೂ ಅವರ ತೋಳುಗಳನ್ನು ತಬ್ಬಿ ಹಿಡಿದುಕೊಂಡೇ ಕಾಲ ಕಳೆದರು. ಹಿಡಿತ ಬಿಡಿಸಿಕೊಂಡು ಹೊಡೆಯುವ ಉಪಾಯ ಅಂದು ಟೈಸನ್ನರಲ್ಲಿ ಕಾಣಲಿಲ್ಲ, ರೆಫರಿ ಬಂದು ಬಿಡಿಸಲೆಂದು ಅವರು ಕಾಯುತ್ತಿದ್ದರು. ಅದೇ ವರ್ಷ ಎತ್ತರದ ಟೋನಿ ಟಕರ್ ಕೂಡ ಪೂರ್ತಿ 12 ಸುತ್ತು ನಿಂತರು. ಹತ್ತಿರ ಬಂದವರ ಕುತ್ತಿಗೆಯ ಹಿಂದೆ ಕೈ ಹಾಕಿ ತಲೆಯನ್ನು ಕೆಳಕ್ಕೆ ಒತ್ತಿ ಹಿಡಿಯುವುದರಲ್ಲಿ ಅಲಿಯನ್ನು ಮೀರಿಸಿದವರಿಲ್ಲ. 1974ರಲ್ಲಿ ಅಂದಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಅವರನ್ನು ದಣಿಸಿದ್ದರಲ್ಲಿ ಆ ಒತ್ತುವಿಕೆಯ ಪಾಲೂ ದೊಡ್ಡದು. ಇನ್ನು 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಮಾಡಿದ್ದೇನು? ಉದ್ದ ತೋಳಿನ ಜಾಬ್, ಅದರ ಬೆನ್ನಿಗೇ ಬಲಗೈ, ಹತ್ತಿರ ಬಂದರೆ ಹಿಡಿತ. ಎಂಟನೆಯ ಸುತ್ತಿನಲ್ಲಿ ಟೈಸನ್ನರ ಅಪ್ಪರ್‌ಕಟ್ಟಿಗೆ ಬಿದ್ದ ಡಗ್ಲಸ್ ಎದ್ದರು, ಹತ್ತನೆಯ ಸುತ್ತಿನಲ್ಲಿ ಟೈಸನ್ನರನ್ನೇ ಮಲಗಿಸಿದರು. ಅಂದಿನ ಟೈಸನ್ 1988ರ ಟೈಸನ್ ಅಲ್ಲ ಎಂಬುದು ನಿಜ, ಆದರೆ ಅಂದಿನ ಡಗ್ಲಸ್ ಕೂಡ ಅಲಿ ಅಲ್ಲ.

1989ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಅಲಿಯ ಜೊತೆಗೆ ಕುಳಿತಿದ್ದ ಟೈಸನ್, ಈ ಪ್ರಶ್ನೆ ಬಂದಾಗ ಅಲಿಯ ಹಿರಿಮೆಗೆ ತಲೆಬಾಗಿದ್ದರು. ಅದು ಹಿರಿಯರಿಗೆ ಸಲ್ಲಿಸಿದ ಗೌರವವೇ ಹೊರತು ಸಾಕ್ಷ್ಯವಲ್ಲ, ಹಾಗಾಗಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನ್ನ ತೀರ್ಮಾನ ಇದು: 1966ರ ಅಲಿ 1988ರ ಟೈಸನ್ನರನ್ನು 15 ಸುತ್ತಿನ ಪಂದ್ಯದಲ್ಲಿ ಹತ್ತನೆಯ ಸುತ್ತಿನ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಆದರೆ ನಿಮ್ಮ ತಂದೆಯವರು 1978ರ ಅಲಿಯನ್ನು ಮುಂದಿಟ್ಟರೆ ಗೆಲುವು ನಿಮ್ಮದೇ. ಆ ಅಲಿ ಟೈಸನ್ನರ ಮುಂದೆ ಐದು ಸುತ್ತು ನಿಲ್ಲುವುದೂ ಕಷ್ಟ.

ಪ್ರಶ್ನೆ: ಹಿಂದೆ ಪಟ್ಟದ ಪಂದ್ಯಗಳಿಗೆ 15 ಸುತ್ತು, ಈಗ 12. ಮೂರು ಸುತ್ತುಗಳ ವ್ಯತ್ಯಾಸ ಅಷ್ಟು ದೊಡ್ಡದೇ?
(ಓದುಗರು, ಧಾರವಾಡ)

ಉತ್ತರ: ಬಹಳ ದೊಡ್ಡದು. ಆ ಮೂರು ಸುತ್ತುಗಳನ್ನು ತೆಗೆದುಹಾಕಿದರೆ ಹೆವಿವೇಟ್ ಚರಿತ್ರೆಯೇ ಬೇರೆಯಾಗುತ್ತದೆ.

1941ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ಜೋ ಲೂಯಿಸ್ ಎದುರು ನಿಂತ ಬಿಲ್ಲಿ ಕಾನ್ ನಿಜಕ್ಕೂ ಲೈಟ್ ಹೆವಿವೇಟ್ ಬಾಕ್ಸರ್. ತೂಕ 80 ಕೆ.ಜಿ.ಯನ್ನೂ ಮುಟ್ಟಿರಲಿಲ್ಲ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದರು, ಮೂರನೆಯವರ ಲೆಕ್ಕದಲ್ಲಿ ಸಮ. ಇಂದಿನ ನಿಯಮವಿದ್ದಿದ್ದರೆ ಅವರು ಆಗಲೇ ಚಾಂಪಿಯನ್. ಆದರೆ ಗಂಟೆ ಮತ್ತೆ ಬಾರಿಸಿತು. ಹುಷಾರಾಗಿ ತಪ್ಪಿಸಿಕೊಂಡು ಓಡಾಡುವ ಬದಲು ಕಾನ್ ನಾಕೌಟ್ ಬಯಸಿ ಮುನ್ನುಗ್ಗಿದರು. 13ನೆಯ ಸುತ್ತು ಮುಗಿಯಲು ಎರಡು ಸೆಕೆಂಡು ಬಾಕಿ ಇರುವಾಗ ಲೂಯಿಸ್ ಕಾನ್ ಅವರನ್ನು ಮಲಗಿಸಿದರು. ಲೂಯಿಸ್ 1937ರಿಂದ 1949ರವರೆಗೆ 25 ಬಾರಿ ಉಳಿಸಿಕೊಂಡ ಪಟ್ಟ ಆ ಎರಡು ಸೆಕೆಂಡುಗಳ ಅಂಚಿನಲ್ಲಿ ನಿಂತಿತ್ತು.

1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ನಡೆದದ್ದೂ ಅದೇ ಕಥೆ. ಜೆರ್ಸಿ ಜೋ ವಾಲ್ಕಾಟ್ ಮೊದಲ ಸುತ್ತಿನಲ್ಲೇ ರಾಕಿ ಮಾರ್ಸಿಯಾನೊ ಅವರನ್ನು ಕೆಡವಿದ್ದರು, 12 ಸುತ್ತುಗಳ ನಂತರ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮುಂದಿದ್ದರು. 13ನೆಯ ಸುತ್ತಿನಲ್ಲಿ ಹಗ್ಗಕ್ಕೆ ಒರಗಿದ ವಾಲ್ಕಾಟರ ಗದ್ದಕ್ಕೆ ಮಾರ್ಸಿಯಾನೊ ಅವರ ಬಲಗೈ ಹೊಡೆತ ಬಿತ್ತು; ಒಂದು ಅಡಿಗಿಂತ ಹೆಚ್ಚು ದೂರದಿಂದ ಬಂದ ಹೊಡೆತವಲ್ಲ ಅದು. ವಾಲ್ಕಾಟ್ ಒಂದು ತೋಳನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡೇ ಕುಸಿದರು. ಇಂದಿನ ನಿಯಮದಲ್ಲಾದರೆ ಮಾರ್ಸಿಯಾನೊ ಅವರ ‘49 ಗೆಲುವು, ಸೋಲೇ ಇಲ್ಲ’ ಎಂಬ ದಾಖಲೆಯೇ ಇರುತ್ತಿರಲಿಲ್ಲ. 1978ರಲ್ಲಿ ಲ್ಯಾರಿ ಹೋಮ್ಸ್ ಮತ್ತು ಕೆನ್ ನಾರ್ಟನ್ ನಡುವಿನ ಪಂದ್ಯವಂತೂ 14 ಸುತ್ತು ಕಳೆದಾಗ ಮೂವರ ಲೆಕ್ಕದಲ್ಲೂ ಸಮವಾಗಿತ್ತು. ಕೊನೆಯ ಸುತ್ತು ಯಾರದೋ ಪಟ್ಟ ಅವರದು ಎಂಬಂತಾಗಿ ಹೋಮ್ಸ್ ಗೆದ್ದರು.

ನಿಯಮ ಬದಲಾದದ್ದಕ್ಕೆ ಕಾರಣ ದುಃಖದ್ದು. 1982ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ರೇ ಮ್ಯಾನ್ಸಿನಿ ವಿರುದ್ಧದ ಲೈಟ್‌ವೇಟ್ ಪಂದ್ಯದ 14ನೆಯ ಸುತ್ತಿನಲ್ಲಿ ಬಿದ್ದ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ನಾಲ್ಕು ದಿನಗಳಲ್ಲಿ ತೀರಿಕೊಂಡರು. ವಿಶ್ವ ಪಟ್ಟ ನೀಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ತಕ್ಷಣ 12 ಸುತ್ತಿಗೆ ಇಳಿಸಿತು, ಉಳಿದ ಸಂಸ್ಥೆಗಳು ಆ ದಶಕದ ಕೊನೆಯೊಳಗೆ ಅನುಸರಿಸಿದವು. ಆ ನಿರ್ಧಾರ ಸರಿಯಾದದ್ದು. ಆದರೂ ಹಳಬರನ್ನು ಇಂದಿನವರೊಡನೆ ಹೋಲಿಸುವಾಗ, 15 ಸುತ್ತಿಗೆ ಉಸಿರನ್ನು ಹಂಚಿಕೊಂಡು ಹೋರಾಡಲು ಕಲಿತವರನ್ನು 12 ಸುತ್ತಿನ ಓಟಕ್ಕೆ ಇಳಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಇಂದಿನ ಹೆವಿವೇಟ್ ಬಾಕ್ಸರ್‌ಗಳು ದೈತ್ಯರು. ಟೈಸನ್ ಫ್ಯೂರಿ 206 ಸೆಂ.ಮೀ. ಎತ್ತರ, 120 ಕೆ.ಜಿ.ಗೂ ಮೀರಿದ ತೂಕ. ಜೋ ಲೂಯಿಸ್, ಡೆಂಪ್ಸಿ, ಅಷ್ಟೇಕೆ ಅಲಿ ಕೂಡ ಇವರೆದುರು ಎರಡು ಸುತ್ತು ನಿಲ್ಲಲು ಸಾಧ್ಯವೇ?
(ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ರಿಯಾದ್‌ನಲ್ಲಿ ಕೊಟ್ಟಾಗಿದೆ. 2024ರ ಮೇ ತಿಂಗಳಿನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಅವರು ಫ್ಯೂರಿಯವರನ್ನು ಅಂಕಗಳ ಮೇಲೆ ಸೋಲಿಸಿದರು. ಎರಡನೆಯ ಪಂದ್ಯದಲ್ಲಿ ಫ್ಯೂರಿ ತೂಗಿದ್ದು ಸುಮಾರು 127 ಕೆ.ಜಿ., ಉಸಿಕ್ ಸುಮಾರು 102 ಕೆ.ಜಿ. ಉಸಿಕ್ ಅವರ ಎತ್ತರ 191 ಸೆಂ.ಮೀ., ತೋಳುಗಳ ಚಾಚು 198 ಸೆಂ.ಮೀ. ಇವು ಅಲಿಯವರ ಅಳತೆಗಳೇ. ಅಲಿಯ ಅಳತೆಯ ಮನುಷ್ಯ ಈ ಕಾಲದ ಅತಿ ದೊಡ್ಡ ಬಾಕ್ಸರನ್ನು ಎರಡು ಬಾರಿ ಸೋಲಿಸಬಲ್ಲ ಎಂಬುದು ಇನ್ನು ಕಲ್ಪನೆಯಲ್ಲ.

ತೂಕ ಕಡಿಮೆಯಾದರೆ ಹೊಡೆತದ ಬಲವೂ ಕಡಿಮೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ 12ನೆಯ ಸುತ್ತಿನಲ್ಲಿ ಫ್ಯೂರಿಯವರನ್ನು ಅಂಗಾತ ಕೆಡವಿದ ಡಿಯೊಂಟೆ ವೈಲ್ಡರ್ ಆ ದಿನ ತೂಗಿದ್ದು 96 ಕೆ.ಜಿ. ಮಾತ್ರ. 1971ರಲ್ಲಿ ಫ್ರೇಜಿಯರ್ ಎದುರು ಅಲಿ ತೂಗಿದ್ದು ಅದಕ್ಕಿಂತ ಒಂದು ಕೆ.ಜಿ. ಹೆಚ್ಚು.

ಹಾಗೆಂದು ಹಳಬರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜ್ಯಾಕ್ ಡೆಂಪ್ಸಿ ಮತ್ತು ಮಾರ್ಸಿಯಾನೊ 85 ಕೆ.ಜಿ. ಆಸುಪಾಸಿನವರು. 1970ರ ದಶಕದ ಕೊನೆಯಲ್ಲಿ ಹುಟ್ಟಿಕೊಂಡ ಕ್ರೂಸರ್‌ವೇಟ್ ವಿಭಾಗಕ್ಕೆ ಈಗ 90.7 ಕೆ.ಜಿ. ಮಿತಿ, ಇಂದು ಅವರಿಬ್ಬರೂ ಆ ವಿಭಾಗದಲ್ಲೇ ಸ್ಪರ್ಧಿಸುತ್ತಿದ್ದರು. ಡೆಂಪ್ಸಿ 1919ರ ಜುಲೈ 4ರಂದು ಟೊಲೆಡೊದಲ್ಲಿ 111 ಕೆ.ಜಿ.ಯ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದರೆಂಬುದನ್ನು ಅವರ ಅಭಿಮಾನಿಗಳು ಎತ್ತಿ ಹೇಳುತ್ತಾರೆ. ಆದರೆ ಆ ಚಿತ್ರವನ್ನು ಗಮನವಿಟ್ಟು ನೋಡಿ. ಬಿದ್ದವರು ಎದ್ದೇಳುವವರೆಗೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ನಿಯಮ ಅಂದು ಜಾರಿಯಲ್ಲಿರಲಿಲ್ಲ. ವಿಲ್ಲರ್ಡ್ ಮಂಡಿಯಿಂದ ಮೇಲೇಳುತ್ತಿದ್ದಂತೆಯೇ ಪಕ್ಕದಲ್ಲೇ ಕಾದು ನಿಂತ ಡೆಂಪ್ಸಿ ಮತ್ತೆ ಹೊಡೆಯುತ್ತಾರೆ. ವಿಲ್ಲರ್ಡ್ ಅವರಿಗೆ ಆಗ 37 ವರ್ಷ, ಮೂರು ವರ್ಷಗಳಿಂದ ಅವರು ಪಟ್ಟಕ್ಕಾಗಿ ಹೋರಾಡಿರಲಿಲ್ಲ. ಇಂದಿನ ನಿಯಮದಲ್ಲಿ, ಇಂದಿನ 10 ಔನ್ಸಿನ ಗ್ಲೌಸಿನಲ್ಲಿ ಡೆಂಪ್ಸಿ ಫ್ಯೂರಿಯವರನ್ನು ಹೀಗೆ ಮುಗಿಸುತ್ತಾರೆಂದು ನಾನು ನಂಬಲಾರೆ.

ಲೂಯಿಸ್ ವಿಷಯ ಬೇರೆ. ಸುಮಾರು 90 ಕೆ.ಜಿ. ತೂಗುತ್ತಿದ್ದ ಅವರು 1935ರಲ್ಲಿ 118 ಕೆ.ಜಿ.ಯ ಇಟಲಿಯ ಪ್ರಿಮೊ ಕಾರ್ನೆರಾ ಅವರನ್ನು ಆರನೆಯ ಸುತ್ತಿನಲ್ಲಿ, 1942ರಲ್ಲಿ 113 ಕೆ.ಜಿ.ಯ ಬಡ್ಡಿ ಬೇರ್ ಅವರನ್ನು ಮೊದಲ ಸುತ್ತಿನಲ್ಲೇ ಮುಗಿಸಿದ್ದರು. ದೊಡ್ಡವರನ್ನು ಕಂಡು ಅವರು ಹೆದರಿದವರಲ್ಲ. ಆದರೆ ಕಾರ್ನೆರಾ ನಿಧಾನದ ಮನುಷ್ಯ. ಫ್ಯೂರಿ ಆ ಗಾತ್ರದಲ್ಲೂ ಹಗುರವಾಗಿ ಓಡಾಡುತ್ತಾರೆ, ಜಾಬ್ ಹಾಕಿ ಹಿಂದೆ ಸರಿಯುತ್ತಾರೆ, ಹತ್ತಿರ ಬಂದರೆ ಮೈಮೇಲೆ ಒರಗಿ ಭಾರ ಹಾಕುತ್ತಾರೆ. ಲೂಯಿಸ್ ಪುಟ್ಟ ಹೆಜ್ಜೆಗಳಲ್ಲಿ ಹಿಂಬಾಲಿಸಿ ಹೊಡೆಯುವವರು, ಓಡಾಡುವ ಕಾನ್ ಅವರೆದುರು 12 ಸುತ್ತು ಪರದಾಡಿದ್ದನ್ನು ಮೇಲೆ ಹೇಳಿದ್ದೇನೆ. ಆದ್ದರಿಂದ 12 ಸುತ್ತಿನ ಪಂದ್ಯವಾದರೆ ಫ್ಯೂರಿ ಅಂಕಗಳ ಮೇಲೆ ಗೆಲ್ಲುತ್ತಾರೆ ಎನ್ನುತ್ತೇನೆ. ವ್ಲಾಡಿಮಿರ್ ಕ್ಲಿಚ್ಕೊ ಎದುರಾದರೆ ನನ್ನ ಮತ ಲೂಯಿಸ್ ಅವರಿಗೆ. 2003ರಲ್ಲಿ ಕೋರಿ ಸ್ಯಾಂಡರ್ಸ್, 2004ರಲ್ಲಿ ಲ್ಯಾಮನ್ ಬ್ರೂಸ್ಟರ್ ಕ್ಲಿಚ್ಕೊ ಅವರನ್ನು ನಿಲ್ಲಿಸಿದ್ದರು, ಲೂಯಿಸ್ ಅವರ ಬಲಗೈ ಅವರಿಬ್ಬರದಕ್ಕಿಂತ ನಿಖರ.

ಅಲಿ ಮತ್ತು ಉಸಿಕ್ ಜೋಡಿಯೇ ನನಗೆ ಅತಿ ಕಷ್ಟದ್ದು. ಉಸಿಕ್ ಎಡಗೈ ಬಾಕ್ಸರ್. 1966ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನಿಯ ಎಡಗೈ ಬಾಕ್ಸರ್ ಕಾರ್ಲ್ ಮಿಲ್ಡೆನ್‌ಬರ್ಗರ್ ಎದುರು ಅಲಿ, ಅವರ ಹೊಡೆತಗಳು ಬರುವ ಕೋನಕ್ಕೆ ಹೊಂದಿಕೊಳ್ಳಲು ಹಲವು ಸುತ್ತುಗಳನ್ನೇ ತೆಗೆದುಕೊಂಡರು. 12ನೆಯ ಸುತ್ತಿನಲ್ಲಿ ಪಂದ್ಯ ಮುಗಿಸಿದರಾದರೂ ಅಲ್ಲಿಯವರೆಗೆ ಅವರ ಆಟ ಸಲೀಸಾಗಿರಲಿಲ್ಲ. ಉಸಿಕ್ ಮಿಲ್ಡೆನ್‌ಬರ್ಗರ್‌ಗಿಂತ ಎಷ್ಟೋ ಪಾಲು ಉತ್ತಮರು, ಹೊಟ್ಟೆಗೆ ಹೊಡೆಯುತ್ತಾರೆ, ಕೊನೆಯ ಸುತ್ತುಗಳಲ್ಲಿ ಇನ್ನಷ್ಟು ಚುರುಕಾಗುತ್ತಾರೆ. ಆದರೂ ಕಾಲಿನ ವೇಗದಲ್ಲಿ 1966ರ ಅಲಿ ಒಂದು ಕೈ ಮೇಲು. ಕೂದಲೆಳೆಯ ಅಂತರದಲ್ಲಿ ಅಲಿ ಎನ್ನುತ್ತೇನೆ. ಉಸಿಕ್ ಎಂದು ವಾದಿಸುವವರ ಜೊತೆ ನನಗೆ ಜಗಳವಿಲ್ಲ.

ಪ್ರಶ್ನೆ: ಜಾರ್ಜ್ ಫೋರ್‌ಮನ್ ಮತ್ತು ಮೈಕ್ ಟೈಸನ್ ಎದುರಾಗಿದ್ದರೆ?
(ಓದುಗರು, ಶಿವಮೊಗ್ಗ)

ಉತ್ತರ: 1973ರ ಫೋರ್‌ಮನ್ ಆದರೆ ಫೋರ್‌ಮನ್, ನಾಲ್ಕು ಸುತ್ತಿನೊಳಗೆ. ತಗ್ಗಿ ಬಗ್ಗಿ ಒಳನುಗ್ಗುವ ಕುಳ್ಳ ಬಾಕ್ಸರ್ ಫೋರ್‌ಮನ್ ಅವರಿಗೆ ಸಿಕ್ಕರೆ ಏನಾಗುತ್ತದೆಂಬುದನ್ನು ಅದೇ ವರ್ಷದ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್ ಅನುಭವಿಸಿದರು: ಎರಡು ಸುತ್ತಿನಲ್ಲಿ ಆರು ಬಾರಿ ನೆಲಕ್ಕೆ ಬಿದ್ದರು. ಫೋರ್‌ಮನ್ ಎರಡೂ ಕೈಗಳಿಂದ ಎದುರಾಳಿಯ ಭುಜವನ್ನು ತಳ್ಳಿ ತಮಗೆ ಬೇಕಾದ ದೂರಕ್ಕೆ ತಂದು ನಿಲ್ಲಿಸಿಕೊಂಡು, ಕೆಳಗಿನಿಂದ ಅಪ್ಪರ್‌ಕಟ್ ಎತ್ತುತ್ತಿದ್ದರು. ಟೈಸನ್ ಫ್ರೇಜಿಯರ್‌ಗಿಂತ ವೇಗದವರು, ಮೊದಲ ಗಂಟೆಯಿಂದಲೇ ಅಪಾಯಕಾರಿ, ಆದ್ದರಿಂದ ಫೋರ್‌ಮನ್ ಮೊದಲು ತತ್ತರಿಸುವ ಸಂಭವವೂ ಇದೆ. ಆದರೆ ಟೈಸನ್ನರಿಗೆ ಹಿಂದೆ ಸರಿದು ಹೋರಾಡುವುದು ಬಾರದು, ಫೋರ್‌ಮನ್ ಹಿಂದೆ ಸರಿಯಲು ಬಿಡುವವರೂ ಅಲ್ಲ.

ಪ್ರಶ್ನೆ: 1970ರಲ್ಲಿ ಕಂಪ್ಯೂಟರ್ ಒಂದು ಅಲಿ ಮತ್ತು ಮಾರ್ಸಿಯಾನೊ ನಡುವೆ ಪಂದ್ಯ ಏರ್ಪಡಿಸಿ ಮಾರ್ಸಿಯಾನೊ ಗೆದ್ದರೆಂದು ಸಾರಿತಂತೆ. ಯಂತ್ರ ಪಕ್ಷಪಾತ ಮಾಡುವುದಿಲ್ಲವಲ್ಲ, ಅದನ್ನೇಕೆ ಒಪ್ಪಬಾರದು?
(ಓದುಗರು, ಮಂಗಳೂರು)

ಉತ್ತರ: ಯಂತ್ರ ತಾನಾಗಿ ಪಕ್ಷಪಾತ ಮಾಡುವುದಿಲ್ಲ, ಆದರೆ ಅದಕ್ಕೆ ಉಣಿಸಿದ ಅಂಕಿಗಳು ಮನುಷ್ಯರವು. ಮಿಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್ 1967ರಲ್ಲಿ ವಿವಿಧ ಕಾಲದ 16 ಹೆವಿವೇಟ್ ಬಾಕ್ಸರ್‌ಗಳನ್ನು ಆಯ್ದು, ಬಾಕ್ಸಿಂಗ್ ಬರಹಗಾರರು ಪ್ರತಿಯೊಬ್ಬರ ವೇಗ, ಹೊಡೆತ, ತಾಳಿಕೆ ಮುಂತಾದವುಗಳಿಗೆ ಕೊಟ್ಟ ಅಂಕಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಹಾಕಿ, ಬಂದ ಫಲಿತಾಂಶವನ್ನು ವೀಕ್ಷಕ ವಿವರಣೆಯಂತೆ ರೇಡಿಯೊದಲ್ಲಿ ಪ್ರಸಾರ ಮಾಡಿದರು. ಫೈನಲ್‌ನಲ್ಲಿ ಮಾರ್ಸಿಯಾನೊ ಡೆಂಪ್ಸಿಯವರನ್ನು ಸೋಲಿಸಿದರು. ಅಲಿ ಅದಕ್ಕೆ ಬಹಳ ಮೊದಲೇ, 1899ರಲ್ಲಿ ಚಾಂಪಿಯನ್ ಆಗಿದ್ದ ಜಿಮ್ ಜೆಫ್ರೀಸ್ ಅವರಿಗೆ ಸೋತರೆಂದು ಕಂಪ್ಯೂಟರ್ ಹೇಳಿತು. ಅಲಿ ಮಾನನಷ್ಟಕ್ಕೆ ಹತ್ತು ಲಕ್ಷ ಡಾಲರ್ ಕೇಳಿ ದಾವೆ ಹೂಡಿದರು. ಕೊನೆಗೆ ರಾಜಿಯಾಗಿ, ಮಾರ್ಸಿಯಾನೊ ಜೊತೆ ಇಂಥದೇ ಪಂದ್ಯವನ್ನು ಚಿತ್ರೀಕರಿಸಲು ಒಪ್ಪಿದರು; ಪರವಾನಗಿ ಇಲ್ಲದೆ ಕುಳಿತಿದ್ದ ಅವರಿಗೆ ಆಗ ಹಣ ಬೇಕಿತ್ತು.

1969ರಲ್ಲಿ ಮಿಯಾಮಿಯ ಸ್ಟುಡಿಯೊ ಒಂದರಲ್ಲಿ ಇಬ್ಬರೂ ಒಂದೊಂದು ನಿಮಿಷದ ಸುಮಾರು 70 ಸುತ್ತುಗಳನ್ನು ಆಡಿದರು. 45 ವರ್ಷದ ಮಾರ್ಸಿಯಾನೊ ಇದಕ್ಕಾಗಿ 20 ಕೆ.ಜಿ.ಗೂ ಹೆಚ್ಚು ತೂಕ ಇಳಿಸಿ, ಬೋಳಾಗುತ್ತಿದ್ದ ತಲೆಗೆ ವಿಗ್ ಹಾಕಿಕೊಂಡಿದ್ದರು. ಹಲವು ಬಗೆಯ ಮುಕ್ತಾಯಗಳನ್ನು ಚಿತ್ರೀಕರಿಸಲಾಯಿತು, ಯಾವುದು ಅಂತಿಮ ಎಂಬುದನ್ನು ಇಬ್ಬರಿಗೂ ಹೇಳಿರಲಿಲ್ಲ. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಮಾರ್ಸಿಯಾನೊ 13ನೆಯ ಸುತ್ತಿನಲ್ಲಿ ಗೆದ್ದಿದ್ದರು. ಯುರೋಪಿನಲ್ಲಿ ತೋರಿಸಿದ ಇನ್ನೊಂದು ಆವೃತ್ತಿಯಲ್ಲಿ ಮಾರ್ಸಿಯಾನೊ ಅವರ ಮುಖದ ಗಾಯಗಳಿಂದಾಗಿ ಪಂದ್ಯ ನಿಂತು ಅಲಿ ಗೆದ್ದಿದ್ದರು. ಒಂದೇ ಪಂದ್ಯಕ್ಕೆ ನೋಡುವವರ ಊರಿಗೆ ತಕ್ಕಂತೆ ಎರಡು ಫಲಿತಾಂಶ ಬಂದ ಮೇಲೆ ಅದನ್ನು ಲೆಕ್ಕಾಚಾರ ಎನ್ನಲಾಗದು. ಮಾರ್ಸಿಯಾನೊ ಮಾತ್ರ ಯಾವುದನ್ನೂ ನೋಡಲಿಲ್ಲ. 1969ರ ಆಗಸ್ಟ್ 31ರಂದು, 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಅವರು ಅಯೋವಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ನನ್ನ ಅಭಿಪ್ರಾಯ ಯುರೋಪಿನ ಆವೃತ್ತಿಯ ಕಡೆಗಿದೆ. ಮಾರ್ಸಿಯಾನೊ ಅವರ ತೋಳುಗಳ ಚಾಚು ಅಲಿಗಿಂತ ಸುಮಾರು 25 ಸೆಂ.ಮೀ. ಕಡಿಮೆ, ಮುಖದ ಚರ್ಮ ಬೇಗ ಹರಿಯುತ್ತಿತ್ತು. 1954ರ ಸೆಪ್ಟೆಂಬರ್‌ನಲ್ಲಿ ಎಜಾರ್ಡ್ ಚಾರ್ಲ್ಸ್ ಮಾರ್ಸಿಯಾನೊ ಅವರ ಮೂಗನ್ನು ಎಷ್ಟು ಆಳವಾಗಿ ಸೀಳಿದರೆಂದರೆ, ಪಂದ್ಯ ನಿಲ್ಲಿಸುವ ಮೊದಲೇ ಎದುರಾಳಿಯನ್ನು ಮಲಗಿಸದೆ ಮಾರ್ಸಿಯಾನೊ ಅವರಿಗೆ ಬೇರೆ ದಾರಿಯಿರಲಿಲ್ಲ; ಎಂಟನೆಯ ಸುತ್ತಿನಲ್ಲಿ ಹಾಗೆಯೇ ಮಾಡಿದರು. ಆ ಎದೆಗಾರಿಕೆಗೆ ನನ್ನ ನಮಸ್ಕಾರ. ಆದರೆ ಅಲಿಯ ಜಾಬ್ ತಿರುಚಿಕೊಂಡು ಬಂದು ಚರ್ಮ ಸೀಳುವಂಥದು, ಮತ್ತು ಅಲಿ ಚಾರ್ಲ್ಸ್ ಅವರಂತೆ ಎದುರಿಗೇ ನಿಲ್ಲುವುದಿಲ್ಲ. ಮಾರ್ಸಿಯಾನೊ ಅವರಿಗೆ ನ್ಯಾಯವಾದ ಜೋಡಿ ಡೆಂಪ್ಸಿ. ಇಬ್ಬರೂ ಒಂದೇ ತೂಕ, ಇಬ್ಬರೂ ಮುನ್ನುಗ್ಗುವವರು. 1919ರ ನಿಯಮದಲ್ಲಿ ಡೆಂಪ್ಸಿ, 1952ರ ನಿಯಮದಲ್ಲಿ 15 ಸುತ್ತಾದರೆ ಮಾರ್ಸಿಯಾನೊ.

ಪ್ರಶ್ನೆ: ನಮ್ಮ ದೇಶದ ಹವಾ ಸಿಂಗ್ ಅವರನ್ನು ಇಂಥ ಪಟ್ಟಿಗಳಲ್ಲಿ ಯಾರೂ ಸೇರಿಸುವುದಿಲ್ಲವೇಕೆ?
(ಓದುಗರು, ಕಲಬುರಗಿ)

ಉತ್ತರ: 1966 ಮತ್ತು 1970ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಎರಡೂ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಟ್ ಚಿನ್ನ ಗೆದ್ದ ಹವಾ ಸಿಂಗ್ ನಮ್ಮ ದೇಶ ಕಂಡ ದೊಡ್ಡ ಹೆವಿವೇಟ್ ಬಾಕ್ಸರ್. ಅವರು ಹವ್ಯಾಸಿ ಬಾಕ್ಸರ್ ಆಗಿದ್ದರು. ಅಲ್ಲಿ ಪಂದ್ಯ ಮೂರು ಸುತ್ತಿನಲ್ಲಿ ಮುಗಿಯುತ್ತದೆ. 15 ಸುತ್ತಿನ ವೃತ್ತಿಪರರ ಜೊತೆ ಅವರನ್ನು ನಿಲ್ಲಿಸುವುದು ಅವರಿಗೇ ಅನ್ಯಾಯ. ಹೋಲಿಸಬೇಕಾದದ್ದು 1972, 1976, 1980ರ ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಮೂರು ಚಿನ್ನ ಗೆದ್ದ ಕ್ಯೂಬಾದ ತಿಯೊಫಿಲೊ ಸ್ಟೀವನ್ಸನ್ ಜೊತೆ. ಆ ಜೋಡಿಯಲ್ಲಿ ಗೆಲುವು ಸ್ಟೀವನ್ಸನ್ ಅವರದೇ. ಅವರ ಬಲಗೈಯನ್ನು ತಡೆದವರು ಆ ದಶಕದಲ್ಲಿ ಬಹಳ ಕಡಿಮೆ. ಆದರೆ 1970ರ ಹವಾ ಸಿಂಗ್ ಮೂರು ಸುತ್ತನ್ನೂ ನಿಂತು ಮುಗಿಸುತ್ತಿದ್ದರು ಎಂದು ನಂಬಲು ಕಾರಣವಿದೆ.

ಪ್ರಶ್ನೆ: ನಡೆಯದೇ ಹೋದ ಪಂದ್ಯಗಳಲ್ಲಿ ನಿಮ್ಮನ್ನು ಹೆಚ್ಚು ಕಾಡುವುದು ಯಾವುದು?
(ಓದುಗರು, ಮೈಸೂರು)

ಉತ್ತರ: ಕಾಲದ ಅಂತರದಿಂದಲ್ಲ, ಚರ್ಮದ ಬಣ್ಣದಿಂದ ನಡೆಯದೇ ಹೋದದ್ದು: ಡೆಂಪ್ಸಿ ಮತ್ತು ಹ್ಯಾರಿ ವಿಲ್ಸ್. ಜ್ಯಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್ ಅವರನ್ನು ಸೋಲಿಸಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದರು. 1915ರಲ್ಲಿ ಹವಾನಾದಲ್ಲಿ ಅವರು ಪಟ್ಟ ಕಳೆದುಕೊಂಡ ಮೇಲೆ 1937ರಲ್ಲಿ ಲೂಯಿಸ್ ಗೆಲ್ಲುವವರೆಗೆ, 22 ವರ್ಷ, ಒಬ್ಬ ಕಪ್ಪು ಬಾಕ್ಸರಿಗೂ ಆ ಪಟ್ಟಕ್ಕೆ ಹೋರಾಡುವ ಅವಕಾಶ ಸಿಗಲಿಲ್ಲ. ನ್ಯೂ ಆರ್ಲಿಯನ್ಸಿನ ವಿಲ್ಸ್ ಆ ವರ್ಷಗಳಲ್ಲಿ ಮುಂಚೂಣಿಯ ಸ್ಪರ್ಧಿ. ಅವಕಾಶ ಸಿಗದ ಕಪ್ಪು ಬಾಕ್ಸರ್‌ಗಳು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೋರಾಡಬೇಕಾಗಿ ಬಂದು, ವಿಲ್ಸ್ ಮತ್ತು ಸ್ಯಾಮ್ ಲ್ಯಾಂಗ್‌ಫರ್ಡ್ ಹತ್ತಕ್ಕೂ ಹೆಚ್ಚು ಬಾರಿ ಎದುರಾದರು. ಡೆಂಪ್ಸಿ ಜೊತೆ ಪಂದ್ಯದ ಮಾತುಕತೆ ವರ್ಷಗಟ್ಟಲೆ ನಡೆದು, ಒಪ್ಪಂದಕ್ಕೆ ಸಹಿ ಬಿದ್ದರೂ ಗಂಟೆ ಮಾತ್ರ ಬಾರಿಸಲಿಲ್ಲ. ಇಲ್ಲಿ ತಪ್ಪನ್ನು ಡೆಂಪ್ಸಿ ಒಬ್ಬರ ಮೇಲೆ ಹೊರಿಸಲು ನಾನು ಸಿದ್ಧನಿಲ್ಲ; ಪ್ರಚಾರಕರಿಗೂ ಅಧಿಕಾರದಲ್ಲಿದ್ದವರಿಗೂ ಆ ಪಂದ್ಯ ಬೇಕಿರಲಿಲ್ಲ.

ಯಾರು ಗೆಲ್ಲುತ್ತಿದ್ದರು ಎಂದರೆ ಮತ್ತೆ ಇಸವಿಯನ್ನೇ ಕೇಳಬೇಕಾಗುತ್ತದೆ. 1919ರ ಡೆಂಪ್ಸಿ ವಿಲ್ಸ್ ಅವರನ್ನು ಬೇಗನೆ ಮುಗಿಸುತ್ತಿದ್ದರು. 1923ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ಲೂಯಿಸ್ ಫಿರ್ಪೊ ಡೆಂಪ್ಸಿಯವರನ್ನು ಹಗ್ಗಗಳಾಚೆ ರಿಂಗಿನ ಹೊರಕ್ಕೆ ಉರುಳಿಸಿದರು. ಡೆಂಪ್ಸಿ ಮರಳಿ ಬಂದು ಎರಡನೆಯ ಸುತ್ತಿನಲ್ಲಿ ಗೆದ್ದರಾದರೂ, ಅದಾದ ಮೇಲೆ ಮೂರು ವರ್ಷ ಪಟ್ಟವನ್ನು ಪಣಕ್ಕಿಡದೆ ಕುಳಿತರು. 1926ರಲ್ಲಿ ಜೀನ್ ಟನ್ನಿ ಎದುರು ಇಳಿದಾಗ ಅವರ ಕಾಲುಗಳಲ್ಲಿ ಮೊದಲಿನ ಕಸುವು ಇರಲಿಲ್ಲ. ವಿಲ್ಸ್ ಎತ್ತರದವರು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಹೊಡೆಯುವುದರಲ್ಲಿ ನುರಿತವರು. 1924ರ ಬೇಸಿಗೆಯಲ್ಲಿ ಇವರಿಬ್ಬರನ್ನು 15 ಸುತ್ತಿಗೆ ಬಿಟ್ಟಿದ್ದರೆ, ಅಂಕಗಳ ಮೇಲೆ ವಿಲ್ಸ್ ಹೆವಿವೇಟ್ ಚಾಂಪಿಯನ್ ಆಗುತ್ತಿದ್ದರು ಎಂಬುದು ನನ್ನ ದೃಢ ನಂಬಿಕೆ.